ದಪ್ಪಗಾದ ಕರಡಿ

ಹನ್ನೊಂದನೇ ಕಂತು

"ನೀವೇ ಅಳೆದು ನೋಡಿ. ಕರಡಿ ದಪ್ಪಗಾಗಿದೆ."

ರಿಪೇರಿಯವ ಅಡಿಪಟ್ಟಿಯನ್ನು ಮೇಜಿನ ಮೇಲೆ ತಳ್ಳಿದ. ಹಳೆಯ ಫಿಲ್ಮುಗಳನ್ನು ತೊಳೆದು, ಹರಿದಲ್ಲಿ ಅಂಟಿಸಿ, ಮತ್ತೆ ಓಡುವಂತೆ ಮಾಡುವುದು ಅವನ ಕಸುಬು. ಮೇಜಿನ ಗಾಜಿನಡಿ ದೀಪ ಉರಿಯುತ್ತಿತ್ತು. ಗಾಜಿನ ಮೇಲೆ ಮೂವತ್ತೊಂಬತ್ತು ವರ್ಷದ ಹಿಂದಿನ 'ಚುಕ್ಕಿ ಕರಡಿ' ಸಿನಿಮಾದ ಒಂದು ತುಂಡು ಮಲಗಿತ್ತು.

ಮಹಜರಪ್ಪ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಪೊಲೀಸ್ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಳ್ಳತನವಾದ ಮನೆಯ ಮಹಜರು ಬರೆಯುವಾಗ ಕಪಾಟಿನಲ್ಲಿದ್ದ ಅಂಗಿಗಳ ಗುಂಡಿಗಳನ್ನೂ ಎಣಿಸಿ ಬರೆದಿದ್ದ. ಅಂದಿನಿಂದ ಠಾಣೆಯಲ್ಲಿ ಅವನು ಮಹಜರಪ್ಪ. ನಿವೃತ್ತನಾಗಿ ಖಾಸಗಿ ಪತ್ತೇದಾರಿಗೆ ಇಳಿದರೂ ಹೆಸರು ಬೆನ್ನು ಬಿಡಲಿಲ್ಲ. ತನ್ನ ಪಟ್ಟಿಯಿಂದ ಒಂದು ಮೊಳೆಯೂ ತಪ್ಪಿಸಿಕೊಳ್ಳುವುದಿಲ್ಲ ಎಂಬ ಜಂಬ ಅವನಿಗೆ ಈಚಿನವರೆಗೂ ಇತ್ತು.

ಅಡಿಪಟ್ಟಿ ಇಟ್ಟು ಅಳೆದ. ಅದುವರೆಗಿನ ಎಲ್ಲ ದೃಶ್ಯಗಳಲ್ಲೂ ಕರಡಿಯ ಸೊಂಟ ಅದರ ತಲೆಯ ಎರಡರಷ್ಟು ಅಗಲ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಈ ಕೊನೆಯ ಕೊಳದ ದೃಶ್ಯದಲ್ಲಿ ಮಾತ್ರ ಮೂರರಷ್ಟು.

ಕರಡಿ ಕೈಯಲ್ಲಿ ಬರೆದದ್ದು, ಮಗು ನಿಜವಾದದ್ದು. ಆರು ವರ್ಷದ ಹುಡುಗಿಯೊಂದು ಬಣ್ಣದ ಕರಡಿಯ ಕೈ ಹಿಡಿದು ಲೋಕ ಸುತ್ತುವ ಕಥೆ. 'ಸಂಸಾರ ಸಮೇತ ನೋಡಿ' ಎಂದು ಗೋಡೆಗೋಡೆಗೂ ಪೋಸ್ಟರು ಅಂಟಿಸಿದ್ದರು. ಕೊನೆಯಲ್ಲಿ ಕೊಳದ ಆಚೆ ದಡದಿಂದ ಕರಡಿ ಕರೆಯುತ್ತದೆ, ಈಚೆ ದಡದಲ್ಲಿ ಮಗು ನಗುತ್ತಾ ಒಂದು ಕಾಲೆತ್ತುತ್ತದೆ, ಪರದೆ ಕತ್ತಲಾಗುತ್ತದೆ. ರಿಪೇರಿಯವನೂ ಚಿಕ್ಕಂದಿನಲ್ಲಿ ಆ ದೃಶ್ಯ ನೋಡಿದ್ದನಂತೆ. ಕರಡಿ ಜೇನು ತಿಂದು ಹೊಟ್ಟೆ ಬೆಳೆಸಿಕೊಂಡಿದೆ ಎಂದು ಇಡೀ ಚಿತ್ರಮಂದಿರದ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರಂತೆ.

ಮಹಜರಪ್ಪನಿಗೆ ನಗು ಬರಲಿಲ್ಲ. ಆ ಮಗು ಚಿತ್ರೀಕರಣದ ಕೊನೆಯ ದಿನ ಅದೇ ಕೊಳದಲ್ಲಿ ಮುಳುಗಿ ಸತ್ತಿತ್ತು, ಅದರ ಮಹಜರು ಬರೆದವನು ಇವನೇ.

"ದಪ್ಪಗಾದದ್ದಲ್ಲ, ದಪ್ಪ ಮಾಡಿದ್ದು," ಎಂದ. "ಹಿಂದೆ ಯಾರನ್ನೋ ಮುಚ್ಚೋಕೆ."

ಭೂತಕನ್ನಡಿಯನ್ನು ಕೆಳಕ್ಕೆ ಸರಿಸಿದ. ಕರಡಿಯ ಕಾಲ ಬುಡದಲ್ಲಿ ಕೊಳದ ನೀರಿತ್ತು. ನೀರಿನಲ್ಲಿ ಕರಡಿಯ ಪ್ರತಿಬಿಂಬವಿರಬೇಕಿತ್ತು. ಇದ್ದದ್ದು ಎರಡು ಬರಿಗಾಲು, ಅವುಗಳ ಮೇಲೆ ಮೊಣಕಾಲಿನವರೆಗೆ ಇಳಿದ ಒರಟು ಬಟ್ಟೆಯ ಅಂಚು. ಅಂಚಿನ ತುಂಬ ಹಸಿರು, ನೀಲಿ, ಕಂದು ಚುಕ್ಕೆಗಳು. ಬಣ್ಣ ಹಚ್ಚುವವರು ಮೈಮೇಲೆ ಕಟ್ಟಿಕೊಳ್ಳುವ ಏಪ್ರನ್.

ಚಿತ್ರ ತಯಾರಾದ ಸ್ಟುಡಿಯೋ ಮನೆಯಲ್ಲಿ ಏಪ್ರನ್ ಕಟ್ಟುತ್ತಿದ್ದವಳು ಒಬ್ಬಳೇ, ಮಗುವಿನ ತಾಯಿ.

ರಿಪೇರಿಯವ ಇನ್ನೆರಡು ಸಂಗತಿ ಹೇಳಿದ. ಕೊನೆಯ ಇಪ್ಪತ್ತು ಫ್ರೇಮುಗಳಲ್ಲಿ ಕರಡಿ ಅಲುಗುವುದೇ ಇಲ್ಲ, ಒಂದೇ ಚಿತ್ರವನ್ನು ಮತ್ತೆ ಮತ್ತೆ ಇಟ್ಟಿದ್ದಾರೆ. ಅದೇ ಇಪ್ಪತ್ತರಲ್ಲಿ ಕೆಳಗಿನ ಮೂಲೆಯಲ್ಲಿ ಒಂದು ಹಳದಿ ಕಲೆ ಇದೆ, ಎಷ್ಟು ತೊಳೆದರೂ ಹೋಗಲಿಲ್ಲ. ಮಹಜರಪ್ಪ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡ. ಅವನ ತಲೆಯ ತುಂಬ ಆ ಏಪ್ರನ್ ಅಂಚೇ ಇತ್ತು. ಆ ತುಂಡನ್ನು ಡಬ್ಬಿಗೆ ಹಾಕಿಸಿಕೊಂಡು ಹೊರಟ.

ದಾರಿಯುದ್ದಕ್ಕೂ ಹೊಸ ಪೋಸ್ಟರುಗಳು. ಮುಚ್ಚಿಹೋದ ಒಂದು ಚಿತ್ರಮಂದಿರದ ಅಟ್ಟದಲ್ಲಿ ಸಿಕ್ಕ ಈ ಏಕೈಕ ಪ್ರತಿಯನ್ನು ಶುಕ್ರವಾರ ತೋರಿಸುವವರಿದ್ದರು. ಹಳೆಯ ಜಗಳ ಮತ್ತೆ ಹೆಡೆಯೆತ್ತಿತ್ತು. ಸತ್ತ ಮಗುವನ್ನು ಕುಣಿಸಿ ತೋರಿಸುವುದು ಸರಿಯೇ ಎಂದು ಅಂದೂ ಊರು ಎರಡಾಗಿತ್ತು. ಚಿತ್ರಮಂದಿರಕ್ಕೆ ಕಲ್ಲು ಬಿದ್ದಿತ್ತು. ಮೂರನೇ ವಾರ ನಿರ್ದೇಶಕನೇ, ಅಂದರೆ ಆ ಮಗುವಿನ ಅಪ್ಪನೇ, ಪ್ರತಿಗಳನ್ನೆಲ್ಲ ವಾಪಸು ತರಿಸಿ ಅಂಗಳದಲ್ಲಿ ಸುಟ್ಟಿದ್ದ. ಈಗ ಪತ್ರಿಕೆಗಳು ಮತ್ತೆ ಕೋಲುಮಾಮನ ಹಳೆಯ ಫೋಟೋ ಹಾಕಿದ್ದವು. ಕೆಳಗೆ ಅದೇ ಮಾತು, 'ಮಗುವನ್ನು ನೀರಿಗೆ ನಡೆಸಿದವನು.'

ಕೋಲುಮಾಮ ಆ ಮಗುವಿಗೆ ನಿಜವಾಗಿಯೂ ಸೋದರಮಾವ, ತಾಯಿಯ ಒಡಹುಟ್ಟಿದ ತಮ್ಮ. ಇಲ್ಲದ ಕರಡಿಯನ್ನು ನೋಡಿ ಮಗು ನಗಬೇಕಲ್ಲ, ಅದಕ್ಕೆ ಕರಡಿಯ ಕಣ್ಣಿನ ಎತ್ತರಕ್ಕೆ ಚೆಂಡು ಸಿಕ್ಕಿಸಿದ ಕೋಲೊಂದನ್ನು ಹಿಡಿದು ನಿಲ್ಲುವುದು ಅವನ ಕೆಲಸವಾಗಿತ್ತು. ಚೆಂಡು ಹೋದಲ್ಲಿ ಕಣ್ಣು ಹೋಗಬೇಕು, ಕಣ್ಣು ಹೋದಲ್ಲಿ ಕಾಲು ಹೋಗಬೇಕು. ಮಗುವಿಗೆ ಹಾಗೆಂದು ತಿಂಗಳುಗಟ್ಟಲೆ ಕಲಿಸಿದ್ದರು. ಊಟದ ಬಿಡುವಿನಲ್ಲಿ ಒಬ್ಬನೇ ಅಭ್ಯಾಸ ಮಾಡಿಸುತ್ತಾ ಚೆಂಡನ್ನು ನೀರಿನ ಮೇಲೆ ಒಯ್ದ, ಮಗು ಹಿಂದೆಯೇ ಹೋಯಿತು ಎಂದು ಕೋರ್ಟು ಹೇಳಿತು. ಕ್ಯಾಮೆರಾ ಓಡುತ್ತಿರಲಿಲ್ಲ, ಬೇರೆ ಯಾರೂ ಇರಲಿಲ್ಲ ಎಂದೂ ಹೇಳಿತು. ಅವನೂ ಒಪ್ಪಿಕೊಂಡ. "ಕೋಲು ನನ್ನ ಕೈಯಲ್ಲಿತ್ತು," ಎಂದವನು ಬಾಯಿಗೆ ಬೀಗ ಹಾಕಿಕೊಂಡು ಹನ್ನೆರಡು ವರ್ಷ ಜೈಲಿನಲ್ಲಿ ಕಳೆದು ಬಂದ.

ಈಗ ಆಸ್ಪತ್ರೆಯಲ್ಲಿದ್ದ. ಶ್ವಾಸಕೋಶ ಕೈಕೊಟ್ಟಿತ್ತು, ಹೆಚ್ಚೆಂದರೆ ಎರಡು ದಿನ ಎಂದಿದ್ದರು ಡಾಕ್ಟರು.

ಮಹಜರಪ್ಪನನ್ನು ಇದಕ್ಕೆಲ್ಲ ಎಳೆದವಳು ಕೋಲುಮಾಮನ ಮಗಳು, ಕನ್ನಡಕದಂಗಡಿಯವಳು. ನಲವತ್ತನಾಲ್ಕರ ಹೆಂಗಸು, ಊರವರ ಕಣ್ಣು ಪರೀಕ್ಷಿಸಿ ಗಾಜು ಉಜ್ಜಿ ಕೊಡುವವಳು. ಕೊಲೆಗಾರನ ಮಗಳು ಎಂದು ಎರಡು ಸಂಬಂಧ ಮುರಿದುಹೋಗಿ ಮೂರನೆಯದಕ್ಕೆ ಅವಳೇ ಬೇಡವೆಂದಿದ್ದಳು. ಇವನೇ ಬರೆದ ಮಹಜರಿನ ಪ್ರತಿಯನ್ನು ತಂದು ಇವನ ಮೇಜಿನ ಮೇಲಿಟ್ಟು, "ನೀವು ಶುರು ಮಾಡಿದ್ದು, ನೀವೇ ಮುಗಿಸಿಕೊಡಿ," ಎಂದಿದ್ದಳು. ಆ ದಿನ ಅವಳಿಗೆ ಐದು ವರ್ಷ. ಅಪ್ಪನಿಗೆ ಜ್ವರ ಬಂದು ಬಣ್ಣದ ಕೋಣೆಯ ಮೂಲೆಯಲ್ಲಿ ಮಲಗಿದ್ದ, ತಾನು ಪಕ್ಕದಲ್ಲೇ ಮಲಗಿದ್ದೆ, ಅಷ್ಟು ನೆನಪು. ಆಮೇಲೆ ಅಪ್ಪ ತನ್ನನ್ನು ಎತ್ತಿಕೊಂಡು ಓಡಿದ್ದ, ಅವನ ಅಂಗಿ ಒದ್ದೆಯಾಗಿತ್ತು. ಅದೂ ನೆನಪು.

"ಅಪ್ಪ ಕಣ್ಮುಚ್ಚೋ ಮೊದಲು ಅವರ ಕಿವಿಯಲ್ಲಿ ಒಂದು ಮಾತು ಹೇಳ್ಬೇಕು ಸರ್," ಎಂದಿದ್ದಳು. "ನೀನು ಮಾಡಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು ಅಪ್ಪ, ಅಂತ. ಇನ್ನೇನೂ ಬೇಡ ನನಗೆ."

ಮಹಜರಪ್ಪನ ಕೈಯಲ್ಲಿದ್ದ ಭೂತಕನ್ನಡಿ ಅವಳ ಅಂಗಡಿಯದೇ. ಒಳ್ಳೆಯ ಗಾಜು, ಏನನ್ನೂ ಬಿಡುವುದಿಲ್ಲ ಎಂದು ಹೇಳಿ ಕೊಟ್ಟಿದ್ದಳು.

ಬಣ್ಣದಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಸತ್ತ ಮಗುವಿನ ತಾಯಿ, ಕೋಲುಮಾಮನ ಅಕ್ಕ, ಗಂಡ ತೀರಿಕೊಂಡು ಹತ್ತು ವರ್ಷವಾದ ಮೇಲೂ ಆ ಹಳೆಯ ಸ್ಟುಡಿಯೋ ಮನೆಯನ್ನು ಬಿಟ್ಟಿರಲಿಲ್ಲ. ತಮ್ಮ ಜೈಲಿಗೆ ಹೋದ ದಿನ, ತನ್ನ ಪಾಲಿಗೆ ಅವನು ಸತ್ತ ಎಂದು ನಾಲ್ಕು ಜನರ ಎದುರು ಹೇಳಿದವಳು. ಅಂದಿನಿಂದ ಅವನ ಮುಖ ನೋಡಿರಲಿಲ್ಲ.

ಬಣ್ಣದ ಕೋಣೆಗೆ ಕರೆದೊಯ್ದಳು. ಕೂರುವುದಕ್ಕೆ ಅಲ್ಲೇ ಜಾಗವೆಂದಳು. ಗೋಡೆಯುದ್ದದ ಕಪಾಟುಗಳಲ್ಲಿ ಪಾರದರ್ಶಕ ಹಾಳೆಗಳ ಕಟ್ಟುಗಳು, ಪ್ರತಿ ಕಟ್ಟಿಗೂ ಒಂದು ನಂಬರು. ಶೀಶೆಗಳಲ್ಲಿ ಬಣ್ಣ ಒಣಗಿ ತಳ ಕಚ್ಚಿತ್ತು. ಕಿಟಕಿಯ ಕೆಳಗೆ ಓರೆ ಮೇಜು, ಅದರ ಮುಂದೆ ಒಂದು ಮೋಟು ಸ್ಟೂಲು. ಕಿಟಕಿಯಾಚೆ ಕೊಳವಿದ್ದ ಜಾಗ ಕಾಣುತ್ತಿತ್ತು. ಮಣ್ಣು ತುಂಬಿಸಿ ಮಟ್ಟ ಮಾಡಿದ್ದರು, ಅದರ ಮೇಲೆ ಏನೂ ಬೆಳೆಸಿರಲಿಲ್ಲ.

ಅವನು ಡಬ್ಬಿಯಿಂದ ಫಿಲ್ಮಿನ ತುಂಡು ತೆಗೆದು ಕೊಟ್ಟ. ಎಪ್ಪತ್ತು ದಾಟಿದ ಆ ಕೈಗಳು ನಡುಗುತ್ತಿದ್ದವು, ಆದರೆ ಫಿಲ್ಮನ್ನು ಎರಡೂ ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೊಡ್ಡುವಾಗ ನಡುಕ ನಿಂತುಹೋಯಿತು. ಮಗುವಿನ ಮುಖ ಬಂದಾಗ ಆಕೆ ಕಣ್ಣು ಪಕ್ಕಕ್ಕೆ ಹೊರಳಿಸಿದಳು.

"ಈ ಕರಡಿ ಯಾಕಮ್ಮಾ ದಪ್ಪ?"

ಬಣ್ಣದಮ್ಮ ಟೀ ಕುಡಿಯುತ್ತೀರಾ ಎಂದು ಕೇಳಿದಳು. ಬೇಡವೆಂದ. ಏಪ್ರನ್ ಅಂಚು ನೀರಿನಲ್ಲಿ ಕಾಣುತ್ತಿದೆ ಎಂದು ಮೆಲ್ಲಗೆ ಸೇರಿಸಿದ. ಆಗ ಆಕೆ ಸ್ಟೂಲಿನ ಮೇಲೆ ಕುಸಿದು ಕೂತಳು.

"ಮಕ್ಕಳು ನಕ್ಕರು, ದೊಡ್ಡೋರು ಕಲ್ಲು ಹೊಡೆದರು," ಎಂದಳು. "ಕರಡಿ ಸೊಂಟ ಮಾತ್ರ ಯಾರೂ ಅಳೀಲಿಲ್ಲ. ಯಾರಾದ್ರೂ ಬಂದು ಕೇಳಲಿ ಅಂತ ಬಾಗಿಲು ತೆಗೆದೇ ಇಟ್ಟಿದ್ದೆ."

ಆಮೇಲೆ ಹೇಳುತ್ತಾ ಹೋದಳು. ಅವರ ಕೆಲಸದ ಕ್ರಮವೇ ಬೇರೆ ಇತ್ತು. ಮೊದಲು ಕೋಲು ಹಿಡಿದು ಅಭ್ಯಾಸ, ಆಗ ಕ್ಯಾಮೆರಾ ಓಡಿಸುವುದಿಲ್ಲ. ಆಮೇಲೆ ಕೋಲು ಆಚೆ, ಮಗು ಅದೇ ಜಾಗವನ್ನು ನೆನಪಿನಿಂದ ನೋಡಬೇಕು, ಕ್ಯಾಮೆರಾ ಓಡಬೇಕು. ಖಾಲಿ ಬಿಟ್ಟ ಜಾಗದಲ್ಲಿ ತಿಂಗಳುಗಟ್ಟಲೆ ಕೂತು ಈಕೆ ಕರಡಿ ಬರೆಯಬೇಕು. ಆ ಕೊನೆಯ ದಿನ ಮಗು ಹಟ ಹಿಡಿಯಿತು. ಕೋಲಿದ್ದರೆ ನಗುತ್ತಿತ್ತು, ಕೋಲು ತೆಗೆದರೆ ಅಲ್ಲಿ ಏನೂ ಇಲ್ಲವೆಂದು ಅಳುತ್ತಿತ್ತು. ಕೋಲು ಹಿಡಿಯಬೇಕಾದ ತಮ್ಮ ಜ್ವರದಲ್ಲಿ ಬಿದ್ದಿದ್ದ. ಉಳಿದ ಕೆಲಸದವರು ಊಟಕ್ಕೆ ಹೋಗಿದ್ದರು. ಗಂಡನಿಗೆ ಒಂದು ಉಪಾಯ ಹೊಳೆಯಿತು. ನೀನೇ ಕೋಲು ಹಿಡಿದು ನಿಲ್ಲು, ನಾನು ಕ್ಯಾಮೆರಾ ಓಡಿಸುತ್ತೇನೆ, ಆಮೇಲೆ ನಿನ್ನ ಮೇಲೆ ಸ್ವಲ್ಪ ದಪ್ಪನೆಯ ಕರಡಿ ಬರೆದುಬಿಡು ಎಂದ.

"ಒಂದೇ ಒಂದು ಸಲ ಅಡ್ಡದಾರಿ ಹಿಡಿದ್ವಿ," ಎಂದಳು ಬಣ್ಣದಮ್ಮ. "ಒಂದೇ ಸಲ."

ತಮ್ಮ ಸದ್ದು ಕೇಳಿ ಜ್ವರದಲ್ಲೇ ಓಡಿಬಂದು ನೀರಿಗೆ ಹಾರಿದ. ಇವಳು ಕೋಲು ಹಿಡಿದವಳು ಹಿಡಿದಂತೆಯೇ ನಿಂತಿದ್ದಳು, ಕೂಗಲೂ ಇಲ್ಲ. ಮಗುವನ್ನು ಮೇಲೆ ತಂದಾಗ ಮುಗಿದಿತ್ತು. ಪೊಲೀಸರು ಬರುವುದರೊಳಗೆ ತಮ್ಮ ಇವಳ ಕೈಯಿಂದ ಕೋಲು ಕಿತ್ತು ನೀರಿಗೆ ಎಸೆದು, ಇಬ್ಬರಿಗೂ ಒಂದು ಮಾತು ಹೇಳಿದ: ನೀವು ಇಲ್ಲಿರಲಿಲ್ಲ, ಊಟಕ್ಕೆ ಹೋಗಿದ್ದಿರಿ. ಗಂಡ ಹೆಂಡತಿ ಹೂಂ ಎಂದರು. ಆ ಹೊತ್ತಿನಲ್ಲಿ ಅವರು ಯಾವುದಕ್ಕೂ ಹೂಂ ಎನ್ನುತ್ತಿದ್ದರು.

"ನನಗೋಸ್ಕರ ಜೈಲಿಗೆ ಹೋದ. ಅವನ ಮುಖ ನೋಡಿದ್ರೆ ಸತ್ಯ ಬಾಯಿಂದ ಬಿದ್ದುಹೋಗುತ್ತೆ ಅಂತ ನನ್ನ ಪಾಲಿಗೆ ಅವನನ್ನ ಸಾಯಿಸಿಬಿಟ್ಟೆ. ತಮ್ಮನ ಮೇಲೆ ಸಿಟ್ಟು ಅಂತ ಊರೆಲ್ಲ ನಂಬ್ತು. ಸಿಟ್ಟು ಇದ್ದಿದ್ದು ನನ್ನ ಮೇಲೆ."

ಮಹಜರಪ್ಪ ತನ್ನ ನೋಟುಬುಕ್ಕನ್ನು ತೆಗೆದಿದ್ದ, ಆದರೆ ಏನೂ ಬರೆದಿರಲಿಲ್ಲ. ಅವನಿಗೆ ಗೆದ್ದೆ ಎನಿಸಬೇಕಿತ್ತು. ಹನ್ನೊಂದು ವಾರ ಅಲೆದಲೆದು ಚಪ್ಪಲಿ ಸವೆಸಿದ್ದು ಇದಕ್ಕೇ ಅಲ್ಲವೇ? ಗೆಲುವಿನ ಬದಲು ಸುಸ್ತು ಬಂತು. ಇಪ್ಪತ್ತನಾಲ್ಕು ವರ್ಷದ ತಾನು ಅಂದು ಇದೇ ಕೋಣೆಯಲ್ಲಿ ನಿಂತು ನೂರ ಹದಿನೇಳು ವಸ್ತುಗಳ ಪಟ್ಟಿ ಮಾಡಿ, ಒದ್ದೆ ಬಟ್ಟೆಯ ಮನುಷ್ಯನೊಬ್ಬನ ಎರಡು ವಾಕ್ಯ ಬರೆದುಕೊಂಡು, ಸಂಜೆಯೊಳಗೆ ಕೇಸು ಮುಗಿಸಿದೆನೆಂದು ಮೇಲಧಿಕಾರಿಯಿಂದ ಬೆನ್ನು ತಟ್ಟಿಸಿಕೊಂಡಿದ್ದ. ಆ ತಟ್ಟಿದ ಜಾಗ ಈಗ ಉರಿಯುತ್ತಿತ್ತು.

ಈ ಚೂರನ್ನು ಯಾಕೆ ಚಿತ್ರದಲ್ಲಿ ಸೇರಿಸಿದಿರಿ ಎಂದು ಕೇಳಿದ.

"ಅವಳ ಕೊನೇ ನಗು ಅದು. ಬಿಸಾಡೋಕೆ ಅವರ ಕೈಲಿ ಆಗ್ಲಿಲ್ಲ. ಕೊನೇ ಇಪ್ಪತ್ತು ಫ್ರೇಮು ಮಾತ್ರ ನನ್ನ ಕೈಲಿ ಆಗ್ಲಿಲ್ಲ. ಅವಳು ಕಾಲೆತ್ತೋದು ಅಲ್ಲಿ. ಇವತ್ತಿನವರೆಗೂ ಆ ಇಪ್ಪತ್ತನ್ನ ನಾನು ನೋಡಿಲ್ಲ. ಅವರೇ ಹಿಂದಿನ ಹಾಳೆ ಹಾಗೇ ಇಟ್ಟು ಮುಗಿಸಿದ್ರು."

ಅದಕ್ಕೇ ಕರಡಿ ಅಲುಗಿರಲಿಲ್ಲ. ಮಹಜರಪ್ಪ ತಲೆಯಾಡಿಸಿ ನೋಟುಬುಕ್ಕು ಬಿಡಿಸಿದ. ಹೇಳಿಕೆ ಬರೆದು ರುಜು ಹಾಕಿಸಿಕೊಂಡು ಭೇಟಿಯ ಹೊತ್ತು ಮುಗಿಯುವ ಮೊದಲು, ಸಂಜೆ ಐದರೊಳಗೆ, ಆಸ್ಪತ್ರೆ ಮುಟ್ಟಿಸಿದರೆ ಕನ್ನಡಕದಂಗಡಿಯವಳ ಒಂದು ಮಾತು ಉಳಿಯುತ್ತದೆ. ಆಮೇಲೆ ಈ ಮುದುಕಿಯ ಗತಿ ಏನಾದರೂ ಆಗಲಿ. ಹಾಗೆಂದುಕೊಂಡೇ ಕೇಳಿದ, ಚೆಂಡನ್ನು ನೀರಿನ ಮೇಲೆ ಎಷ್ಟು ದೂರ ಒಯ್ದಿರಿ?

ಬಣ್ಣದಮ್ಮ ಮುಖವೆತ್ತಿದಳು.

"ಒಯ್ದಿಲ್ಲ."

"ಮತ್ತೆ?"

"ನಾನು ಆಚೆ ದಡದಲ್ಲೇ ನಿಂತಿದ್ದೆ. ಈಚೆ ಸೀಮೆಸುಣ್ಣದ ಗೆರೆ ಇತ್ತು, ನೀರಿಗಿಂತ ಎರಡಡಿ ಹಿಂದೆ. ಅವಳು ಗೆರೆ ಮುಟ್ಟಿದ ತಕ್ಷಣ ಚೆಂಡು ಇಳಿಸ್ಬೇಕು, ಇಳಿದರೆ ಅವಳು ನಿಲ್ಬೇಕು. ನೂರು ಸಲ ಮಾಡಿಸಿದ್ವಿ, ನೂರು ಸಲವೂ ನಿಂತಿದ್ಲು. ಅವತ್ತೂ ಇಳಿಸಿದೆ. ನಿಲ್ಲಲಿಲ್ಲ." ಆಕೆಯ ದನಿ ಒಡೆಯಿತು. "ಯಾಕೆ ನಿಲ್ಲಲಿಲ್ಲ ಅಂತ ಮೂವತ್ತೊಂಬತ್ತು ವರ್ಷದಿಂದ ಕೇಳ್ಕೊತಾ ಇದ್ದೀನಿ. ಇಳಿಸಿದ್ದು ತಡ ಆಯ್ತೇನೋ. ಕೈ ನಡುಗಿತೇನೋ. ನನ್ನದೇ ತಪ್ಪು ಬಿಡಿ, ಬರ್ಕೊಳ್ಳಿ."

ಬರೆಯಲು ಪೆನ್ಸಿಲ್ ಇಟ್ಟವನು ನಿಲ್ಲಿಸಿದ. ಅವನ ಹಳೆಯ ಚಾಳಿ, ಪಟ್ಟಿ ಮುಗಿಸುವ ಮೊದಲು ಒಮ್ಮೆ ಹಿಂದಿರುಗಿ ನೋಡುವುದು. ಬಣ್ಣದಮ್ಮ ನೋಡದ ಆ ಇಪ್ಪತ್ತು ಫ್ರೇಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಕನ್ನಡಿ ಇಟ್ಟ.

ಕರಡಿಯನ್ನು ಬಿಟ್ಟು ಮಗುವಿನ ಕಣ್ಣು ನೋಡಿದ.

ಮಗು ಕರಡಿಯನ್ನು ನೋಡುತ್ತಿರಲಿಲ್ಲ. ಮೊದಲ ಫ್ರೇಮುಗಳಲ್ಲಿ ಕಣ್ಣು ಎತ್ತರದಲ್ಲಿತ್ತು, ಕರಡಿಯ ಮುಖದ ಮಟ್ಟಕ್ಕೆ. ಈ ಇಪ್ಪತ್ತರಲ್ಲಿ ಕೆಳಗೆ, ಓರೆಯಾಗಿ, ಕೊಳದ ಮೂಲೆಯತ್ತ ಹೊರಳಿತ್ತು. ನಗುವೂ ಬೇರೆಯದಾಗಿತ್ತು. ಹೇಳಿಕೊಟ್ಟ ನಗು ಹೋಗಿ ಆಟದ ನಗು ಬಂದಿತ್ತು. ನೋಟ ಹೋದ ಕಡೆ ಭೂತಕನ್ನಡಿ ಸರಿಸಿದ. ಅಲ್ಲಿ ಹಳದಿ ಕಲೆ ಇತ್ತು.

ಅದು ಕಲೆಯಲ್ಲ. ಕಲೆಗೆ ಅಷ್ಟು ದುಂಡಗಿನ ಅಂಚು ಇರುವುದಿಲ್ಲ. ಕಲೆಯ ಕೆಳಗೆ ಕಡ್ಡಿಯಷ್ಟು ತೆಳ್ಳಗಿನ ಗೆರೆಯೂ ಇರುವುದಿಲ್ಲ. ಅದನ್ನು ಹಿಡಿದವರು ಫ್ರೇಮಿನ ಆಚೆ ಉಳಿದಿದ್ದರು.

ಭೂತಕನ್ನಡಿ ಕೆಳಗಿಳಿಸಿದ. "ಅಮ್ಮಾ, ಕೋಲು ಎಷ್ಟಿದ್ವು?"

ಎರಡು ಎಂದಳು. ನಿಂತ ಕರಡಿಗೆ ಉದ್ದದ್ದು, ಕೆಂಪು ಚೆಂಡು. ಕೂತ ಕರಡಿಗೆ ಗಿಡ್ಡದ್ದು, ಎರಡಡಿಯದು, ಹಳದಿ ಚೆಂಡು. ಹಳದಿ ಎಂದರೆ ಮಗುವಿಗೆ ಪ್ರಾಣ. ಅದು ಬಂತೆಂದರೆ ಕರಡಿ ಕೂತಿದೆ, ಹತ್ತಿರ ಹೋಗಿ ಅಪ್ಪಿಕೊಳ್ಳಬಹುದು ಎಂದು ಲೆಕ್ಕ. ಹಳದಿಗೆ ಗೆರೆ ಇರಲಿಲ್ಲ.

"ಆ ಗಿಡ್ಡದ್ದು ಅವತ್ತು ಎಲ್ಲಿತ್ತು?"

"ಇಲ್ಲೇ, ಈ ಮೂಲೆಯಲ್ಲಿ. ತಮ್ಮ ಮಲಗಿದ್ದನಲ್ಲ, ಅವನ ಹಾಸಿಗೆ ಪಕ್ಕ."

ಮಹಜರಪ್ಪನಿಗೆ ತನ್ನ ಪಟ್ಟಿ ಬಾಯಿಪಾಠ. ಅದರಲ್ಲಿ ಕೋಲು ಒಂದೇ, ಕೆಂಪು ಚೆಂಡಿನದು. ಈ ಮೂಲೆಯ ವಸ್ತುಗಳು ತೊಂಬತ್ತೆಂಟರಿಂದ ನೂರ ಎರಡು: ಹಾಸಿಗೆ, ದಿಂಬು, ಔಷಧದ ಶೀಶೆ, ಚಮಚ, ಹೊದಿಕೆ. ಹೊದಿಕೆಯಡಿ ಒಂದು ಮಗು ಮಲಗಿತ್ತು. ಆ ಮನೆಯಲ್ಲಿ ಅಷ್ಟೊಂದು ಗಲಾಟೆಯ ನಡುವೆ ಅದೊಂದು ನಿದ್ದೆ ಮಾಡುತ್ತಿದೆಯಲ್ಲ, ಮಾಡಲಿ ಪಾಪ ಎಂದು ಹೊದಿಕೆ ಎತ್ತಿ ನೋಡಿರಲಿಲ್ಲ. ಇಡೀ ಜೀವಮಾನದಲ್ಲಿ ಅವನು ಎತ್ತಿ ನೋಡದೆ ಬಿಟ್ಟದ್ದು ಅದೊಂದೇ. ಮಗುವಿನ ತಲೆಯ ಪಕ್ಕ ಕೂತಿದ್ದ ಅಪ್ಪನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅವನ ಒಂದು ಕೈ ಆ ಹೊದಿಕೆಯ ಮೇಲೇ ಇತ್ತು.

ಇನ್ನೊಂದು ಸಲ ಫಿಲ್ಮು ನೋಡಿದ. ಕೊಳದ ಕಟ್ಟೆಗೆ ಅರ್ಧ ಅರ್ಧ ಅಡಿಯ ಕಲ್ಲು ಹೊದಿಸಿದ್ದರು. ಅವುಗಳ ಅಳತೆಯಲ್ಲಿ ಎಣಿಸಿದರೆ ಚೆಂಡು ನೆಲದಿಂದ ನಾಲ್ಕಡಿ ಎತ್ತರವನ್ನೂ ಮುಟ್ಟಿರಲಿಲ್ಲ. ಅದರಲ್ಲಿ ಎರಡಡಿ ಕೋಲಿನದು, ಹಿಡಿದ ಕೈ ಉಳಿದ ಎರಡಡಿಯೊಳಗೆ. ದೊಡ್ಡವರು ನಿಂತು ಹಿಡಿದರೆ ಅಷ್ಟು ಕೆಳಗೆ ಬರುವುದಿಲ್ಲ.

"ಆ ಹೊತ್ತಿಗೆ ಒಳಗೆ ಯಾರ್ಯಾರಿದ್ರಿ?" ಎಂದು ಕೇಳಿದ. ಕೇಳಬಾರದಿತ್ತು ಎಂದು ಆಗಲೇ ಅನಿಸಿತು.

"ನಾನು, ಅವರು. ಜ್ವರದಲ್ಲಿ ತಮ್ಮ. ತಮ್ಮನ ಪಕ್ಕದಲ್ಲಿ..."

ಬಣ್ಣದಮ್ಮ ಎದ್ದುಬಂದು ಅವನ ಕೈಯಿಂದ ಫಿಲ್ಮು ಮತ್ತು ಭೂತಕನ್ನಡಿ ಕಸಿದುಕೊಂಡಳು. ಆ ಇಪ್ಪತ್ತು ಫ್ರೇಮುಗಳನ್ನು ಮೊದಲ ಸಲ ನೋಡಿದಳು. ಬಹಳ ಹೊತ್ತು ನೋಡಿದಳು. ಸೊಂಟ ಮುರಿದವಳಂತೆ ಮೇಜಿಗೆ ಒರಗಿ, "ಅವರಿಗೆ ಗೊತ್ತಾಗಿತ್ತು," ಎಂದಳು. "ದೊಡ್ಡ ಪರದೆ ಮೇಲೆ ಕಂಡಿರುತ್ತೆ. ಮೂರನೇ ವಾರ ಚಿತ್ರಮಂದಿರದಿಂದ ಬಂದವರು ಮಾತಾಡಲೇ ಇಲ್ಲ, ಮಾರನೇ ದಿನವೇ ಎಲ್ಲಾ ಸುಟ್ರು. ಕಲ್ಲಿಗೆ ಹೆದರಿದ್ರು ಅಂತ ನಾನೂ ಅಂದ್ಕೊಂಡೆ."

ಊರೂ ಹಾಗೇ ಅಂದುಕೊಂಡಿತ್ತು. ಒಬ್ಬ ಗಂಡಸು ತನ್ನ ಮಗುವಿನ ಕೊನೆಯ ನಗುವನ್ನು ಇನ್ನೊಂದು ಮಗುವಿಗಾಗಿ ಬೆಂಕಿಗೆ ಹಾಕಿದ್ದ. ಇನ್ನೊಬ್ಬ ಅದೇ ಮಗುವಿಗಾಗಿ ಜೈಲಿಗೆ ಹೋಗಿದ್ದ. ಒಬ್ಬರಿಗೊಬ್ಬರು ಒಂದು ಮಾತೂ ಆಡಿಕೊಂಡಂತಿರಲಿಲ್ಲ.

ಮಹಜರಪ್ಪನಿಗೆ ಅಳು ಬರುವಂತಾಯಿತು. ತನ್ನನ್ನು ನಂಬಿ ಬಂದ ಹೆಂಗಸಿಗಾಗಿ ಹನ್ನೊಂದು ವಾರ ಅಗೆದು ಅವಳಿಗೇ ಗುಂಡಿ ತೋಡಿಟ್ಟಿದ್ದ. ಐದು ವರ್ಷದ ಮಗು ಎಚ್ಚರಾಗಿ, ಪಕ್ಕದಲ್ಲಿದ್ದ ಕೋಲನ್ನು ಎತ್ತಿಕೊಂಡು, ಓರಗೆಯವಳನ್ನು ಆಟಕ್ಕೆ ಕರೆದಿತ್ತು. ಅದಕ್ಕಿಂತ ಹೆಚ್ಚು ಅದು ಏನೂ ಮಾಡಿರಲಿಲ್ಲ.

ಗೇಟು ಕಿರುಗುಟ್ಟಿತು.

ಕನ್ನಡಕದಂಗಡಿಯವಳು ಅಂಗಳ ದಾಟಿ ಬರುತ್ತಿದ್ದಳು. ಇಷ್ಟು ವರ್ಷ ಈ ಗೇಟಿನ ಮುಂದೆ ಹಾದುಹೋಗಲೂ ಒಪ್ಪದವಳು ಇಂದು ಹೊಸ್ತಿಲ ಮೇಲೆ ಒಂದು ಕ್ಷಣ ಮಾತ್ರ ತಡೆದು ಒಳಗೆ ಬಂದೇಬಿಟ್ಟಳು. ರಿಪೇರಿಯವ ಇವನು ಇಲ್ಲಿರುವುದಾಗಿ ಹೇಳಿದ್ದನಂತೆ. ಅತ್ತೆಯತ್ತ ನೋಡಲಿಲ್ಲ. ಮುಖದಲ್ಲಿ ಓಡಿಬಂದ ಕೆಂಪಿತ್ತು, ಹನ್ನೊಂದು ವಾರದಲ್ಲಿ ಮೊದಲ ಬಾರಿಗೆ ಒಂದಿಷ್ಟು ಆಸೆಯೂ ಇತ್ತು.

ಅಪ್ಪ ಬೆಳಿಗ್ಗೆ ಕಣ್ಣು ಬಿಟ್ಟಿದ್ದರು ಎಂದಳು. ಮನೆಯ ಕಪಾಟಿನ ಮೇಲೆ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಕಟ್ಟಿದೆ, ಬಿಚ್ಚದೆ ಒಲೆಗೆ ಹಾಕು ಎಂದು ಎರಡು ಸಲ ಹೇಳಿದರಂತೆ. ಹಾಕುವವಳಿದ್ದಳು. ಆದರೆ ಹಳೆಯದು ಏನೇ ಸಿಕ್ಕರೂ ತನಗೆ ತೋರಿಸದೆ ಬಿಸಾಡಬೇಡಿ ಎಂದು ಮಹಜರಪ್ಪ ಮೊದಲ ದಿನವೇ ತಾಕೀತು ಮಾಡಿದ್ದನಲ್ಲ, ಅದು ನೆನಪಾಗಿ ಬಿಚ್ಚಿದಳಂತೆ.

ಚೀಲದಿಂದ ಹೊರತೆಗೆದ ಕೋಲು ಎರಡಡಿ ಉದ್ದವಿತ್ತು. ತುದಿಯ ಹಳದಿ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು.

"ಇದು ಸಾಕ್ಷಿ ಆಗುತ್ತಾ ಸರ್?" ಎಂದು ಕೇಳಿ ಮೋಟು ಸ್ಟೂಲಿನ ಮೇಲೆ ಕೂತಳು. ಕೂತಲ್ಲೇ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದಳು. "ಚಿಕ್ಕವಳಿದ್ದಾಗ ಇದರ ಜೊತೆ ಆಡಿದ್ದೀನಿ ಅನ್ಸುತ್ತೆ."

ಬಣ್ಣದಮ್ಮನ ಕಣ್ಣು ಆ ಚೆಂಡು ಹೋದಲ್ಲೆಲ್ಲ ಹೋಗುತ್ತಿತ್ತು. ಆಕೆ ಫಿಲ್ಮಿನ ತುಂಡನ್ನು ಮುದುಡಿ ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. ಮಹಜರಪ್ಪ ಅದನ್ನು ಕಂಡ, ಕಂಡೂ ಸುಮ್ಮನಿದ್ದ. ಪೊಲೀಸ್ ಆಗಿದ್ದಾಗ ಹಾಗೆ ಸುಮ್ಮನಿರುತ್ತಿರಲಿಲ್ಲ.

"ಮಗಳೇ," ಎಂದಳು ಬಣ್ಣದಮ್ಮ. ಆ ಶಬ್ದ ಆ ಮನೆಯಲ್ಲಿ ಮೂವತ್ತೊಂಬತ್ತು ವರ್ಷದಿಂದ ಯಾರ ಬಾಯಿಂದಲೂ ಬಂದಿರಲಿಲ್ಲ. "ನಿಮ್ಮಪ್ಪ ಏನೂ ಮಾಡಿಲ್ಲ. ಉದ್ದದ ಕೋಲು, ಆ ಕೆಂಪು ಚೆಂಡಿಂದು, ನನ್ನ ಕೈಲಿತ್ತು. ನನ್ನಿಂದಲೇ ಆಗಿದ್ದು. ಅವನು ನನ್ನ ತಪ್ಪು ಹೊತ್ತ. ಬರೆದು ಕೊಡ್ತೀನಿ, ರುಜು ಹಾಕ್ತೀನಿ. ಹೋಗಿ ಅವನ ಕಿವಿಯಲ್ಲಿ ಹೇಳು."

ಹಾಗೆಂದು ಮಹಜರಪ್ಪನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆ ಇತ್ತು. ಬರೆದುಕೊಳ್ಳಿ, ಇಷ್ಟನ್ನೇ ಬರೆದುಕೊಳ್ಳಿ.

ಅವನು ಪೆನ್ಸಿಲ್ ಎತ್ತಿಕೊಂಡ. ಅಂದು ಒಂದು ಸುಳ್ಳನ್ನು ಸತ್ಯವೆಂದು ನಂಬಿ ಬರೆದಿದ್ದ. ಇಂದು ಗೊತ್ತಿದ್ದೂ ಅರ್ಧ ಸುಳ್ಳು ಬರೆಯಬೇಕಿತ್ತು. ಬರೆಯುವುದೆಂದು ಗಟ್ಟಿ ಮಾಡಿಕೊಂಡ. ತಾರೀಕು ಹಾಕಿದ, ಬಣ್ಣದಮ್ಮನ ಹೆಸರು ಬರೆದ. ಕನ್ನಡಕದಂಗಡಿಯವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಎಚ್ಚರವೂ ಅವಳಿಗಿರಲಿಲ್ಲ. ಅತ್ತೆಯನ್ನು ಬಯ್ಯುತ್ತಾಳೆಂದು ಕಾದ, ಬಯ್ಯಲಿಲ್ಲ. ಗಡಿಯಾರ ನೋಡಿ ಎದ್ದಳು.

ಎದ್ದವಳು ಮಡಿಲಿನಿಂದ ಜಾರಿದ ಕೋಲನ್ನು ಹಿಡಿದುಕೊಂಡಳು. ಹಿಡಿದು, ಅದನ್ನೇ ನೋಡುತ್ತಾ ನಿಂತುಬಿಟ್ಟಳು. ಕಣ್ಣಿನ ಕಸುಬಿನವಳು, ಒಂದು ಸಲ ಕಂಡದ್ದನ್ನು ಬಿಡುವವಳಲ್ಲ.

"ಅತ್ತೆ ಹಿಡಿದಿದ್ದು ಉದ್ದದ್ದು ಅಂದ್ರಲ್ಲ," ಎಂದಳು ನಿಧಾನವಾಗಿ. "ಹಾಗಾದ್ರೆ ಅಪ್ಪ ಈ ಗಿಡ್ಡ ಕೋಲನ್ನ ಮೂವತ್ತೊಂಬತ್ತು ವರ್ಷ ಯಾಕೆ ಬಚ್ಚಿಟ್ಟಿದ್ರು ಸರ್?"